ಕೊಡೆವೀರನ ಆರನೆಯ ಬೆರಳು

ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಪೇಟೆಬೀದಿಗೆ ಕಾಲಿಟ್ಟನೆಂದರೆ ತಕ್ಕಡಿಯ ಮುಳ್ಳುಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ ಎಂದು ಅಂಗಡಿಯವರು ಹೇಳಿಕೊಳ್ಳುತ್ತಿದ್ದರು. ಅದು ಹೊಗಳಿಕೆಯೋ ಬೈಗುಳವೋ ಎಂಬುದನ್ನು ಅವರು ಸ್ಪಷ್ಟಪಡಿಸಿರಲಿಲ್ಲ. ಬಟ್ಟೆಯಂಗಡಿಯ ಅಳತೆಕೋಲು ಕೂದಲೆಳೆಯಷ್ಟು ಸವೆದಿದ್ದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಎಣ್ಣೆ ಅಳೆಯುವ ಪಾತ್ರೆಯ ತಳದಲ್ಲಿ ಮೇಣ ಮೆತ್ತಿದ್ದರೆ ಅವನ ಬೆರಳಿಗೆ ಸಿಗುತ್ತಿತ್ತು. ಸಿಕ್ಕಿಬಿದ್ದವರೆಲ್ಲರೂ, ಯಾರೋ ಮೊದಲೇ ಹೇಳಿಕೊಟ್ಟಂತೆ, ಒಂದೇ ಮಾತು ಹೇಳುತ್ತಿದ್ದರು: “ನೀವು ಬರೋಕ್ ಮುಂಚೆ ಸರಿಯಾಗೇ ಇತ್ತು ಸಾರ್!” ಇನ್‌ಸ್ಪೆಕ್ಟರ್ ಈ ಮಾತಿಗೆ ಮುಗುಳ್ನಗುತ್ತಿದ್ದ. ಮುಗುಳ್ನಗುತ್ತಲೇ ದಂಡದ ರಸೀದಿ ಹರಿಯುತ್ತಿದ್ದ.

ಇಂಥವನಿಗೆ ಸ್ವಂತ ಕುಟುಂಬದಲ್ಲಿದ್ದ ಹೆಸರು ‘ಆರ್ಬೆರಳು’. ಅವನ ಎರಡೂ ಕೈಗಳಲ್ಲಿ ಐದೈದೇ ಬೆರಳಿದ್ದವು. ಹೆಸರು ಬಂದದ್ದು ಬೇರೆ ಕಾರಣಕ್ಕೆ.

ಅವನು ಇನ್ನೂ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ‘ಕೊಡೆವೀರ’ ಎಂಬ ಚಿತ್ರಕಥೆ ವಾರಕ್ಕೊಂದು ಪುಸ್ತಕವಾಗಿ ಬರುತ್ತಿತ್ತು. ಕೊಡೆವೀರ ಒಬ್ಬ ಪತ್ತೇದಾರ. ಅವನ ಬಳಿ ಬಂದೂಕಿರಲಿಲ್ಲ, ಒಂದು ಉದ್ದನೆಯ ಕೊಡೆ ಮಾತ್ರ ಇತ್ತು. ಅದನ್ನು ಬಿಚ್ಚಿ ಮಾಳಿಗೆಯಿಂದ ಜಿಗಿಯುತ್ತಿದ್ದ. ಮುಚ್ಚಿ, ಅದರ ಕೊಕ್ಕೆಯಿಂದ ಕಳ್ಳರ ಕಾಲೆಳೆದು ಬೀಳಿಸುತ್ತಿದ್ದ. ಬೀದಿಯ ತುದಿಯಲ್ಲಿದ್ದ ಬಾಡಿಗೆ ಪುಸ್ತಕದ ಅಂಗಡಿಯಿಂದ ಅಕ್ಕ ಅದನ್ನು ತರುತ್ತಿದ್ದಳು. ಮಂಚದ ಕೆಳಗೆ ಮಲಗಿ ಅಕ್ಕ ಕಳ್ಳರ ಮಾತನ್ನೂ ಅವನು ಕೊಡೆವೀರನ ಮಾತನ್ನೂ ಗಟ್ಟಿಯಾಗಿ ಓದುತ್ತಿದ್ದರು. ಒಂದು ವಾರ ಕೊಡೆವೀರ ಕಳ್ಳರ ನಾಯಕನ ಮನೆಗೇ ಹೋಗಿ, ಎದುರಿಗೆ ಕುಳಿತು, ತಣ್ಣಗೆ ಟೀ ಕುಡಿದ. ಕಪ್ ಹಿಡಿದ ಆ ಕೈಯಲ್ಲಿ ಹುಡುಗನಿಗೆ ಆರು ಬೆರಳು ಕಾಣಿಸಿದವು. ಪಡಸಾಲೆಯ ತುಂಬ ನೆಂಟರು ಕುಳಿತಿದ್ದಾಗ ಅವನು ಪುಸ್ತಕ ಎತ್ತಿಕೊಂಡು ಓಡಿಬಂದು, “ಕೊಡೆವೀರನಿಗೆ ಆರು ಬೆರಳು!” ಎಂದು ಕೂಗಿದ.

ಅಕ್ಕ ಪುಸ್ತಕ ಕಿತ್ತುಕೊಂಡು ನ್ಯಾಯಾಧೀಶರ ಗಾಂಭೀರ್ಯದಿಂದ ನೋಡಿದಳು.

“ಅದು ಬೆರಳಲ್ಲ, ಕಪ್ಪಿನ ಹಿಡಿ. ಇವನಿಗೆ ಐದರ ತನಕ ಎಣಿಸೋಕೂ ಬರಲ್ಲ.”

ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅದಕ್ಕೆ ಉಗುರಿದೆ! ಕಪ್ಪಿನ ಹಿಡಿಗೆ ಉಗುರಿರುತ್ತಾ?” ಎಂಬ ಅವನ ವಾದ ಆ ನಗೆಯಲ್ಲಿ ಕೊಚ್ಚಿಹೋಯಿತು. ಸಂಜೆಯ ಹೊತ್ತಿಗೆ ಪುಸ್ತಕ ಅಂಗಡಿಗೆ ಮರಳಿತು. ಕೆಲವು ದಿನಗಳಲ್ಲಿ ಅಂಗಡಿಯೇ ಮುಚ್ಚಿತು. ಹೆಸರು ಮಾತ್ರ ಉಳಿಯಿತು. ಮದುವೆಮನೆಯಲ್ಲಿ ಎಲೆಗಳನ್ನು ಎಣಿಸಬೇಕಾದರೆ ಯಾರಾದರೂ, “ಆರ್ಬೆರಳನ್ನ ಮಾತ್ರ ಕಳಿಸ್ಬೇಡಿ” ಎನ್ನುತ್ತಿದ್ದರು. ಅವನಿಗೆ ಈ ಕೆಲಸ ಸಿಕ್ಕಿದ ದಿನ ಅಕ್ಕ ಕೊಟ್ಟ ಆಶೀರ್ವಾದ: “ಒಳ್ಳೇದಾಯ್ತು. ಇನ್ಮೇಲೆ ಒಂದು ಡಜನ್ ಬಾಳೆಹಣ್ಣಿಗೆ ಹದಿಮೂರು ಸಿಗುತ್ತೆ.”

ಇನ್‌ಸ್ಪೆಕ್ಟರ್ ಕೊಡೆವೀರನ ಮೂಲಚಿತ್ರಗಳನ್ನು ಸಂಗ್ರಹಿಸತೊಡಗಿದ್ದಕ್ಕೆ ಇದೇ ಕಾರಣವೆಂದರೆ ಪೂರ್ತಿ ನಿಜವಾಗದು; ಇದು ಕಾರಣವೇ ಅಲ್ಲವೆಂದರೆ ಪೂರ್ತಿ ಸುಳ್ಳಾಗುತ್ತದೆ. ಅಚ್ಚಿಗೆ ಹೋಗುವ ಮುನ್ನ ಚಿತ್ರಕಾರ ಕೈಯಿಂದ ಬರೆದ ಆ ಹಾಳೆಗಳು ಪುಸ್ತಕದ ಪುಟಕ್ಕಿಂತ ಎರಡರಷ್ಟು ದೊಡ್ಡವಿರುತ್ತಿದ್ದವು. ಅವುಗಳಲ್ಲಿ ಬಣ್ಣವಿರಲಿಲ್ಲ, ಮಸಿಯ ಗೆರೆ, ಅದರ ಅಡಿಯಲ್ಲಿ ಅಳಿಸದೆ ಉಳಿದ ನೀಲಿ ಪೆನ್ಸಿಲ್ಲಿನ ಗೆರೆ, ತಪ್ಪಿದಲ್ಲಿ ಬಳಿದ ಬಿಳಿಯ ತೇಪೆ, ಮಾತಿನ ಗುಳ್ಳೆಗಳನ್ನು ಬೇರೆ ಕಾಗದದಲ್ಲಿ ಬರೆದು ಕತ್ತರಿಸಿ ಅಂಟಿಸಿದ ಗುರುತು, ಇಷ್ಟೇ. ಅಂಚಿನಲ್ಲಿ ಸಂಪಾದಕರು, ‘ಈ ಕಳ್ಳನಿಗೆ ಹೋದ ವಾರ ಮೀಸೆ ಇರಲಿಲ್ಲ’ ಎಂದು ಬರೆದಿದ್ದರೆ, ಅದರ ಕೆಳಗೆ ಚಿತ್ರಕಾರರು, ‘ಈ ವಾರ ಬಿಟ್ಟಿದ್ದಾನೆ’ ಎಂದು ಉತ್ತರಿಸಿರುತ್ತಿದ್ದರು. ಚಿಕ್ಕಂದಿನಲ್ಲಿ ಇನ್‌ಸ್ಪೆಕ್ಟರ್ ಕೊಡೆವೀರ ನಿಜವಾಗಿ ಇದ್ದಾನೆಂದು ನಂಬಿದ್ದ. ಅವನನ್ನು ಪೆನ್ಸಿಲ್ಲಿನಿಂದ ಹೇಗೆ ಕಟ್ಟಿದ್ದಾರೆಂದು ಕಣ್ಣಾರೆ ಕಂಡ ಮೇಲೆ ಆ ನಂಬಿಕೆ ಹೋಗಬೇಕಿತ್ತು; ಹೋಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಹಾಳೆಗಳನ್ನೆಲ್ಲ ಅವನು ಮುಂದಿನ ಕೋಣೆಯ ಉಕ್ಕಿನ ಬೀರುವಿನಲ್ಲಿ ಇಟ್ಟಿದ್ದ. ಹೆಂಡತಿಯ ರೇಷ್ಮೆ ಸೀರೆಗಳು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದವು. ಈ ವ್ಯವಸ್ಥೆಯ ಬಗ್ಗೆ ಅವಳು ಏನೂ ಹೇಳುತ್ತಿರಲಿಲ್ಲ. ಪ್ರತಿ ಸಲ ಮಂಚದ ಕೆಳಗೆ ಬಗ್ಗುವಾಗ ಮಾತ್ರ ಅಕ್ಕಪಕ್ಕದ ಮನೆಗೆ ಕೇಳುವಂತೆ ನಿಟ್ಟುಸಿರು ಬಿಡುತ್ತಿದ್ದಳು.

ಹಾಳೆಗಳು ಸಿಗುತ್ತಿದ್ದುದು ಗೋಂದಣ್ಣನ ಬಳಿ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ವ್ಯಾಪಾರ. ಹಳೆಯ ಅಂಟು ಒಣಗಿ ಉದುರಿದ ಮಾತಿನ ಗುಳ್ಳೆಗಳನ್ನು ಅವನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ. ಬಿಡುವಾದಾಗ ಒಂದೊಂದನ್ನೇ ತೆಗೆದು, ಯಾರ ಮಾತು ಯಾರ ಬಾಯಿಗೆಂದು ಹುಡುಕಿ, ಗೋಂದು ಹಚ್ಚಿ ಕೂರಿಸುತ್ತಿದ್ದ. ಒಮ್ಮೆ ‘ಕೈ ಮೇಲೆತ್ತು’ ಎಂಬ ಮಾತನ್ನು ಅವನು ಒಂದು ಎಮ್ಮೆಯ ಬಾಯಿಗೆ ಅಂಟಿಸಿಬಿಟ್ಟಿದ್ದ. ಆ ಹಾಳೆಯನ್ನು ಕೊಂಡವರು ಅದನ್ನು ಸರಿಪಡಿಸಲು ಇಂದಿಗೂ ಒಪ್ಪಿಲ್ಲ.

ಆ ಶನಿವಾರ ಗೋಂದಣ್ಣ ಹೊಸದಾಗಿ ಬಂದ ಕಟ್ಟನ್ನು ಬಿಚ್ಚುತ್ತಿದ್ದ. ಮೂರನೆಯ ಹಾಳೆ ಹೊರಬರುತ್ತಲೇ ಇನ್‌ಸ್ಪೆಕ್ಟರ್ ಮುಂದಕ್ಕೆ ಬಾಗಿದ. ಕಳ್ಳರ ನಾಯಕನ ಕೋಣೆ. ಎದುರುಬದುರು ಎರಡು ಕುರ್ಚಿ. ನಾಲ್ಕನೆಯ ಚೌಕದಲ್ಲಿ ಕಪ್ ಹಿಡಿದ ಒಂದು ಕೈ.

“ಅದನ್ನ ಈ ಕಡೆ ಕೊಡಿ,” ಎಂದ.

“ಇದರಲ್ಲಿ ಏನಿದೆ ಸಾರ್?” ಗೋಂದಣ್ಣ ಹಾಳೆಯನ್ನು ತಿರುಗಿಸಿ ನೋಡಿದ. “ಹೊಡೆದಾಟ ಇಲ್ಲ, ಓಟ ಇಲ್ಲ. ಕೊಡೆ ಕೂಡ ಮೂಲೇಲಿ ಒರಗಿಸಿಟ್ಟಿದೆ. ಇಡೀ ಪುಟ ಕೂತ್ಕೊಂಡು ಟೀ ಕುಡೀತಾನೆ.”

“ನಂಗೆ ಅದೇ ಬೇಕು.”

ಗೋಂದಣ್ಣನ ಕಣ್ಣು ಕಿರಿದಾಯಿತು. ಇನ್‌ಸ್ಪೆಕ್ಟರನ ಬೀರುವಿನಲ್ಲಿ, ಗಡಿಯಾರದ ಗೋಪುರದಿಂದ ಕೊಡೆವೀರ ಕೊಡೆ ಬಿಚ್ಚಿ ತೇಲಿಬರುವ ಒಂದು ಮುಖಪುಟವಿತ್ತು. ಸಂಗ್ರಹಕಾರರ ಬಳಗದಲ್ಲೆಲ್ಲ ಅದಕ್ಕೆ ಹೆಸರು. ಅದರ ಮೇಲೆ ಗೋಂದಣ್ಣ ಎಷ್ಟೋ ಕಾಲದಿಂದ ಕಣ್ಣಿಟ್ಟಿದ್ದ.

“ಹಾಗಾದ್ರೆ ಗೋಪುರ ಕೊಡಿ, ಇದನ್ನ ತಗೊಳ್ಳಿ,” ಎಂದ. ಸುಮ್ಮನೆ ಕೆಣಕಲೆಂದು ಆಡಿದ ಮಾತು ಅದು.

“ಆಯ್ತು.”

“ಸಾರ್, ನಾನು ತಮಾಷೆಗೆ...”

“ನಾನು ತಮಾಷೆಗಲ್ಲ. ಸಂಜೆ ತಂದುಕೊಡ್ತೀನಿ.”

“ಗೋಪುರ ಕೊಟ್ಟು ಟೀ ಕಪ್ ತಗೊಳ್ತಿದೀರಿ. ಆಮೇಲೆ ಮನೆಯವರು ಬಂದು ನನ್ನ ಕೊರಳಪಟ್ಟಿ ಹಿಡೀಬಾರದು, ಈಗಲೇ ಹೇಳಿದೀನಿ.”

ಸಂಜೆ ಅದಲುಬದಲಾಯಿತು. ಹಾಳೆಯನ್ನು ಮನೆಗೆ ತಂದು, ಬಾಗಿಲು ಹಾಕಿ, ತಕ್ಕಡಿಯ ಮುಳ್ಳು ನೋಡುವ ಭೂತಗನ್ನಡಿಯನ್ನು ಹಿಡಿದು, ಇನ್‌ಸ್ಪೆಕ್ಟರ್ ಬೆರಳೆಣಿಸಿದ. ಆರು. ಹೆಬ್ಬೆರಳಿನಿಂದ ಎಣಿಸಿದರೂ ಆರು, ಕಿರುಬೆರಳಿನಿಂದ ಎಣಿಸಿದರೂ ಆರು. ಆರನೆಯದು ಕಪ್ಪಿನ ಪಕ್ಕದಲ್ಲಿ ಕೊಂಚ ಬಾಗಿ ನಿಂತಿತ್ತು, ಅದರ ತುದಿಯಲ್ಲಿ ಸ್ಪಷ್ಟವಾಗಿ, ಅಚ್ಚುಕಟ್ಟಾಗಿ, ಒಂದು ಉಗುರು. ಕಪ್ಪಿಗೆ ಹಿಡಿಯೇ ಇರಲಿಲ್ಲ.

ಅವನು ಹೆಂಡತಿಯನ್ನು ಕರೆದು ಅವಳಿಂದಲೂ ಎಣಿಕೆ ಮಾಡಿಸಿದ. ಅವಳು ಹಿಟ್ಟಿನ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿ, “ಆರೇ ಇದೆ,” ಎಂದಳು. ಆಮೇಲೆ, “ಆದ್ರೆ ನಿಮ್ಮಕ್ಕ ಒಪ್ತಾರಾ? ಒಂದು ಬೆರಳು ನೀವೇ ಸೇರಿಸಿದೀರಿ ಅಂತಾರೆ.”

ಈ ಸಾಧ್ಯತೆ ಅವನಿಗೆ ಹೊಳೆದಿರಲಿಲ್ಲ. ಅಕ್ಕನ ಸ್ವಭಾವವನ್ನು ಬಲ್ಲ ಯಾರಿಗಾದರೂ ಅದು ಸಾಧ್ಯತೆಯಲ್ಲ, ಖಚಿತ ಎನ್ನಿಸುವಂತಿತ್ತು. ಅವನಿಗೆ ಬೇಕಾದದ್ದು ಅಧಿಕೃತ ಮುದ್ರೆ. ಹಾಳೆಯನ್ನು ಬರೆದ ಚಿತ್ರಕಾರರು ಇನ್ನೂ ಇದ್ದಾರೆ, ಬಸ್ ಡಿಪೋ ಹಿಂದಿನ ಓಣಿಯಲ್ಲೇ ಇದ್ದಾರೆ. ಅವರೇ ಕೈಯಾರೆ ಬರೆದುಕೊಟ್ಟರೆ ಯಾರ ಬಾಯಿಯಾದರೂ ಮುಚ್ಚಲೇಬೇಕು.

ಮೊದಲು ಅಕ್ಕನಿಗೆ ಫೋನ್ ಮಾಡಿದ. ಅಕ್ಕ ಹಲ್ಲಿನ ಡಾಕ್ಟರು.

“ನಾಳೆ ಸಂಜೆ ಬಾ. ಒಂದು ವಿಷಯ ಇತ್ಯರ್ಥ ಮಾಡಬೇಕು.”

“ಅಪ್ಪನ ಮನೆ ವಿಷಯವೇನೋ?”

“ಅದಕ್ಕಿಂತ ದೊಡ್ಡದು.”

ಆಮೇಲೆ ಗೋಂದಣ್ಣನಿಗೆ ಫೋನ್ ಮಾಡಿ ಚಿತ್ರಕಾರರ ಮನೆಯ ಗುರುತು ಕೇಳಿದ. ಗೋಂದಣ್ಣ ಗುರುತು ಹೇಳಿದ.

“ಹೋಗಿ, ಮಾತಾಡಿಸಿ, ತುಂಬ ಒಳ್ಳೆಯವರು. ಆದ್ರೆ ಹಾಳೆ ಮಾತ್ರ ಅವರ ಕೈಗೆ ಕೊಡ್ಬೇಡಿ ಸಾರ್.”

“ಯಾಕೆ? ವಾಪಸ್ ಕೊಡಲ್ವಾ?”

“ಛೆ ಛೆ, ಕೊಡ್ತಾರೆ. ಕೈ ಸುಮ್ನಿರಲ್ಲ ಅಷ್ಟೆ.” ಅಷ್ಟರಲ್ಲಿ ಅವನ ಅಂಗಡಿಗೆ ಯಾರೋ ಗಿರಾಕಿ ಬಂದು ಮಾತು ಅಲ್ಲಿಗೇ ನಿಂತಿತು.

ವೃದ್ಧರ ಕೈ ನಡುಗುತ್ತದೆ ಎಂಬ ಅರ್ಥದಲ್ಲಿ ಇನ್‌ಸ್ಪೆಕ್ಟರ್ ಅದನ್ನು ತೆಗೆದುಕೊಂಡ. ಸಹಿ ಕೊಂಚ ಸೊಟ್ಟಗೆ ಬಂದರೆ ಬರಲಿ.

ಮರುದಿನ ಹಾಳೆ ಹಿಡಿದು ಹೊರಟ. ಚಿತ್ರಕಾರರ ಕೋಣೆ ಮಹಡಿಯಲ್ಲಿತ್ತು. ಕಿಟಕಿಯ ಪಕ್ಕ ಓರೆಯಾದ ಮೇಜು, ಅದರ ಮೇಲೆ ಮಸಿಯ ಸೀಸೆ, ಅಗಲ ಬಾಯಿಯ ಬಾಟಲಿಯಲ್ಲಿ ಬ್ರಷ್ಷುಗಳು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಕಸುಬಾದ ಇನ್‌ಸ್ಪೆಕ್ಟರ್ ಒಳಗೆ ಕಾಲಿಟ್ಟೊಡನೆ ಎಲ್ಲವನ್ನೂ ಗಮನಿಸಿದ. ಗೋಡೆಯ ಕ್ಯಾಲೆಂಡರಿನಲ್ಲಿ ಓಡುತ್ತಿದ್ದ ಕುದುರೆಯ ಹಿಂಗಾಲಿಗೆ ಬಿಳಿಯ ತೇಪೆ ಹಾಕಿ ಬೇರೆ ಕಾಲು ಬರೆದಿತ್ತು. ಬೆಂಕಿಪೊಟ್ಟಣದ ಮೇಲಿನ ಹುಲಿಗೆ ಹೊಸ ಕಿವಿ ಬಂದಿತ್ತು. ಅಂದಿನ ದಿನಪತ್ರಿಕೆಯ ಜಾಹೀರಾತಿನಲ್ಲಿ ನಗುತ್ತಿದ್ದ ಹೆಂಗಸಿನ ಮೊಣಕೈ ತನ್ನ ಜಾಗ ಬದಲಿಸಿತ್ತು. ಅವನು ಗಮನಿಸಿದ್ದು ನೂರಕ್ಕೆ ನೂರು. ಅರ್ಥ ಮಾಡಿಕೊಂಡದ್ದು ಸೊನ್ನೆ.

ಚಿತ್ರಕಾರರು ಹಾಳೆಯನ್ನು ಎರಡೂ ಕೈಗಳಿಂದ ತೆಗೆದುಕೊಂಡರು. ಕೈ ಎಳ್ಳಷ್ಟೂ ನಡುಗಲಿಲ್ಲ.

“ಅಯ್ಯೋ, ಇದಿನ್ನೂ ಇದೆಯಾ! ಈ ಪರದೆಯ ಮೇಲೆ ಮೀನು ಬರೆಯೋಕೆ ಒಂದಿಡೀ ದಿನ ಹಿಡೀತು. ಸಂಪಾದಕರು, ಕಳ್ಳನ ಮನೆ ಪರದೆಗೆ ಯಾಕಯ್ಯ ಇಷ್ಟು ಸಂಭ್ರಮ ಅಂತ ಬೈದಿದ್ರು.”

“ನಾನು ಚಿಕ್ಕವನಿದ್ದಾಗ ಓದಿದ್ದು ಸಾರ್. ಇದರಲ್ಲಿ ಒಂದು ವಿಶೇಷ ಇದೆ.” ಹೇಳಬಾರದೆಂದು ಯಾರೂ ಹೇಳಿರಲಿಲ್ಲ. ಅಲ್ಲದೆ, ತಪ್ಪು ಕಂಡಲ್ಲಿ ತೋರಿಸದೆ ಸುಮ್ಮನಿರುವುದು ಅವನ ರಕ್ತದಲ್ಲೇ ಇರಲಿಲ್ಲ. ಬಗ್ಗಿ, ನಾಲ್ಕನೆಯ ಚೌಕದ ಮೇಲೆ ಭೂತಗನ್ನಡಿ ಹಿಡಿದ. “ಇಲ್ಲಿ ನೋಡಿ. ಆರು ಬೆರಳು!”

ಚಿತ್ರಕಾರರು ನೋಡಿದರು. ಇನ್ನಷ್ಟು ಬಗ್ಗಿ ನೋಡಿದರು. ತಮ್ಮ ಎಡಗೈಯನ್ನು ಕಪ್ ಹಿಡಿದಂತೆ ಮಾಡಿಕೊಂಡು ಅದನ್ನೂ ನೋಡಿದರು. ಆಮೇಲೆ ಹಾಳೆಯಿಂದ ಕಣ್ಣೇ ತೆಗೆಯಲಿಲ್ಲ. ಅವರಿಗೆ ಹಳೆಯದೆಲ್ಲ ನೆನಪಾಗಿ ಗಂಟಲುಬ್ಬಿ ಬಂದಿರಬೇಕೆಂದುಕೊಂಡು ಇನ್‌ಸ್ಪೆಕ್ಟರನಿಗೂ ಗಂಟಲುಬ್ಬಿ ಬಂತು.

“ಸಾರ್, ನಮ್ಮಕ್ಕ ಇದನ್ನ ನಂಬಲ್ಲ. ನಿಮ್ಮ ಕೈಯಿಂದ ಒಂದು ಸಾಲು ಬೇಕು. ಈ ಹಾಳೆ ನೀವೇ ಬರೆದದ್ದು ಅಂತ.”

“ಬರ್ಕೊಡ್ತೀನಿ,” ಎಂದರು ಚಿತ್ರಕಾರರು. ದನಿ ಬೇರೆಲ್ಲಿಂದಲೋ ಬಂದಂತಿತ್ತು. “ಬ್ರಷ್ಷಲ್ಲೇ ಬರೀತೀನಿ. ಒಳಗೆ ಹೋಗಿ ಒಂದು ಲೋಟ ನೀರು ತರ್ತೀರಾ? ನಲ್ಲಿ ಸ್ವಲ್ಪ ನಿಧಾನ.”

ನಲ್ಲಿ ಸ್ವಲ್ಪ ನಿಧಾನವಲ್ಲ; ಅದು ದಾರದೆಳೆಯಷ್ಟು ನೀರನ್ನು ಯೋಚಿಸಿ ಯೋಚಿಸಿ ಬಿಡುತ್ತಿತ್ತು. ಅರ್ಧ ಲೋಟ ಸಾಕೆಂದು ಬೇರೆ ಯಾರಾದರೂ ಹಿಂದಿರುಗುತ್ತಿದ್ದರು. ಒಂದು ಲೋಟವೆಂದರೆ ಒಂದು ಲೋಟ ಎಂಬುದು ಇನ್‌ಸ್ಪೆಕ್ಟರನ ಜೀವನದ ತತ್ತ್ವ. ಅಂಚಿನವರೆಗೆ ತುಂಬಿದ ಲೋಟವನ್ನು ತುಳುಕಿಸದೆ ಹಿಡಿದು ಅವನು ಕೋಣೆಗೆ ಬಂದಾಗ ಚಿತ್ರಕಾರರು ಹಾಳೆಯ ಮೇಲೆ ಬಾಗಿ ಮೆಲ್ಲಗೆ ಊದುತ್ತಿದ್ದರು.

“ನೀರು ಆಮೇಲೆ ಕೊಡಿ, ಬ್ರಷ್ ತೊಳೆಯೋಕೆ,” ಎಂದರು ಹರ್ಷದಿಂದ. “ಮುಗೀತು!”

ಕೊಡೆವೀರನ ಕೈಯಲ್ಲಿ ಐದು ಬೆರಳಿದ್ದವು. ಉಗುರಿದ್ದ ಜಾಗದಲ್ಲಿ ಅಪ್ಪಟ ಬಿಳಿ. ಆರನೆಯ ಬೆರಳು ಒಂದು ಚೆಲುವಾದ ತಿರುವು ಪಡೆದು, ಕಪ್ಪಿನ ಮೈಗೆ ಸೇರಿಕೊಂಡು, ಹಿಡಿಯಾಗಿ ನಿಂತಿತ್ತು.

“ಸಾರ್... ಬೆರಳು?”

“ಹೋಯ್ತು!” ಎಂದರು ಅವರು, ಗಡ್ಡೆಯೊಂದನ್ನು ಬೇರುಸಹಿತ ತೆಗೆದ ವೈದ್ಯರ ಹಾಗೆ. “ಅವತ್ತು ಹಿಡಿ ಬರೆಯೋದೇ ಮರೆತಿದ್ದೆ ನೋಡಿ. ಹಿಡಿ ಒಂದು ಕಮ್ಮಿ, ಬೆರಳು ಒಂದು ಜಾಸ್ತಿ. ಅದಕ್ಕೂ ಇದಕ್ಕೂ ಸರಿಹೋಯ್ತು. ಇಷ್ಟು ವರ್ಷ ಈ ಹಾಳೆ ನನ್ನ ಮಾನ ಹರಾಜು ಹಾಕ್ಕೊಂಡು ಊರೆಲ್ಲ ಸುತ್ತಿದೆ, ಒಬ್ಬರಾದ್ರೂ ಹೇಳ್ಬಾರದಾ? ನಿಮ್ಮಂಥ ಕಣ್ಣು ನಮ್ಮ ಪ್ರೆಸ್ಸಲ್ಲಿ ಒಬ್ಬರಿಗಿದ್ದಿದ್ರೆ!”

“ಆದ್ರೆ ಸಾರ್, ನಾನು ಇದನ್ನ ತಗೊಂಡಿದ್ದೇ ಆ ಬೆರಳಿಗೋಸ್ಕರ. ಆ ತಪ್ಪಿಗೋಸ್ಕರ.”

ಚಿತ್ರಕಾರರ ಮುಖ ಸಣ್ಣದಾಯಿತು.

“ತಪ್ಪಿಗೋಸ್ಕರವಾ?” ಎಂದು ಕೇಳಿದರು. “ಇಷ್ಟು ಮೀನು ಬರೆದಿದ್ದೀನಿ. ಒಂದರ ಹಾಗೆ ಇನ್ನೊಂದಿಲ್ಲ. ಅದು ಯಾವುದೂ ಬೇಡ್ವಾ ನಿಮಗೆ?”

ಇನ್‌ಸ್ಪೆಕ್ಟರ್ ಮೀನುಗಳನ್ನು ನೋಡಿದ. ನಿಜಕ್ಕೂ ಚೆನ್ನಾಗಿದ್ದವು, ಒಂದಂತೂ ಕಳ್ಳರ ನಾಯಕನನ್ನೇ ದುರುಗುಟ್ಟಿ ನೋಡುತ್ತಿತ್ತು. “ಬೇಕು ಸಾರ್,” ಎಂದ. “ಮೀನು ತುಂಬ ಚೆನ್ನಾಗಿದೆ.” ಅವರ ಮುಖ ಮತ್ತೆ ಅರಳಿತು. ಅಂಚಿನಲ್ಲಿ, ದುಂಡಗಿನ ಅಕ್ಷರಗಳಲ್ಲಿ, ಅವರಾಗಲೇ ಬರೆದಿದ್ದರು: ‘ಈ ಪುಟ ನನ್ನ ಕೈಯಿಂದಲೇ ಬರೆದದ್ದು. ಇದರಲ್ಲಿ ಯಾವ ತಪ್ಪೂ ಇಲ್ಲ.’ ಕೆಳಗೆ ಸಹಿ.

“ಬೇರೆ ಹಾಳೆಗಳೂ ಇದ್ರೆ ತನ್ನಿ,” ಎಂದು ಮೆಟ್ಟಿಲವರೆಗೆ ಬಂದು ಹೇಳಿದರು. “ಗಡಿಯಾರದ ಗೋಪುರದ ಮುಖಪುಟ ಯಾರ ಹತ್ರ ಇದೆ ಗೊತ್ತಾ? ಅದರ ಕೊಡೆಗೆ ಒಂದು ಕಡ್ಡಿ ಕಮ್ಮಿ ಬಿದ್ದಿದೆ ಅಂತ ನಂಗೆ ಅನುಮಾನ.”

ಗೊತ್ತಿಲ್ಲವೆಂದು ಇನ್‌ಸ್ಪೆಕ್ಟರ್ ಸುಳ್ಳು ಹೇಳಿದ. ಗೋಂದಣ್ಣನಿಗೆ ಅವನು ಮಾಡಬಹುದಾಗಿದ್ದ ಉಪಕಾರ ಅದೊಂದೇ.

ಮನೆಗೆ ಬಂದು ಹಾಳೆಯನ್ನು ಮೇಜಿನ ಮೇಲಿಟ್ಟು, ತಲೆಯ ಮೇಲೆ ಕೈ ಹೊತ್ತು ಕುಳಿತ. ಹೆಂಡತಿ ಬಂದು ನೋಡಿ, ಎಣಿಸಿ, ಅವನ ಮುಖ ನೋಡಿದಳು.

“ನಿನ್ನೆ ಆರಿತ್ತಲ್ರೀ?”

“ನಾನು ಅಲ್ಲಿಗೆ ಹೋಗೋಕ್ ಮುಂಚೆ ಸರಿಯಾಗೇ ಇತ್ತು ಕಣೇ!”

ಮಾತು ಬಾಯಿಂದ ಬಿದ್ದ ಮೇಲೆ ಅದು ಅವನ ಕಿವಿಗೂ ಬಿತ್ತು. ಪೇಟೆಬೀದಿಯ ಅಂಗಡಿಯವರೆಲ್ಲ ಸಾಲಾಗಿ ನಿಂತು ತನ್ನನ್ನೇ ನೋಡಿ ಮುಗುಳ್ನಗುತ್ತಿರುವಂತೆ ಅನ್ನಿಸಿತು. ಅವರಲ್ಲಿ ಒಬ್ಬಿಬ್ಬರಾದರೂ ನಿಜ ಹೇಳಿರಬಹುದೇ ಎಂಬ ಯೋಚನೆ ಅವನಿಗೆ ಜೀವನದಲ್ಲಿ ಮೊದಲ ಬಾರಿಗೆ ಬಂದದ್ದು ಆಗ.

“ಒಂದು ಜೆರಾಕ್ಸ್ ಆದ್ರೂ ತೆಗೆಸ್ಬಾರದಿತ್ತಾ?”

“ಒರಿಜಿನಲ್ಲೇ ಇರುವಾಗ ಜೆರಾಕ್ಸ್ ಯಾಕೆ ಅಂದ್ಕೊಂಡೆ.”

“ನಾನು ನೋಡಿದೀನಲ್ಲ, ನಿಮ್ಮಕ್ಕನಿಗೆ ಹೇಳ್ತೀನಿ.”

“ಗಂಡನ ಪರ ಹೆಂಡತಿ ಸಾಕ್ಷಿ! ಅವಳು ಅದಕ್ಕೆ ಇನ್ನೊಂದು ಹೆಸರಿಡ್ತಾಳೆ, ಅಷ್ಟೆ.”

ಬಿಳಿಯನ್ನು ಕೆರೆದು ತೆಗೆಯಬಹುದಿತ್ತು. ಬ್ಲೇಡನ್ನು ಕೈಗೆ ತೆಗೆದುಕೊಂಡದ್ದೂ ಉಂಟು. ಆದರೆ ಮುದ್ರೆ ಹಾಕಿದ ವಸ್ತುವನ್ನು ತಿದ್ದುವವರಿಗೆ ತಾನು ಏನು ಮಾಡುತ್ತೇನೆಂಬುದು ಅವನಿಗೆ ಗೊತ್ತಿತ್ತು. ಅಲ್ಲದೆ ಆ ಬಿಳಿಯ ಮೇಲಿನ ತಿರುವು, ಹಾಳಾದದ್ದು, ನಿಜವಾಗಿಯೂ ಸೊಗಸಾಗಿತ್ತು. ಬ್ಲೇಡನ್ನು ಮತ್ತೆ ಪೊಟ್ಟಣದೊಳಗಿಟ್ಟ.

ಗೇಟಿನಲ್ಲೇ ಅಕ್ಕನ ದನಿ ಕೇಳಿಸಿತು. “ಎಲ್ಲಿ ನಮ್ಮ ಆರ್ಬೆರಳು? ಅಪ್ಪನ ಮನೆಗಿಂತ ದೊಡ್ಡದೇನೋ ಇದೆಯಂತೆ, ತೋರಿಸಪ್ಪ ನೋಡೋಣ!”

ಅವಳು ಒಳಗೆ ಬಂದಾಗ ಜೊತೆಗೆ ಲವಂಗದೆಣ್ಣೆಯ ವಾಸನೆಯೂ ಬಂತು. ಹಾಳೆಯನ್ನು ಬಚ್ಚಿಡಲು ಇನ್‌ಸ್ಪೆಕ್ಟರ್ ಎದ್ದ. ಅಕ್ಕ ಅವನಿಗಿಂತ ಮೊದಲೇ ಮೇಜಿನ ಬಳಿ ಇದ್ದಳು.

“ಕೊಡೆವೀರ!” ಎಂದಳು. ಅವಳ ಕಣ್ಣು ಒಂದೇ ಕ್ಷಣದಲ್ಲಿ ನಾಲ್ಕನೆಯ ಚೌಕಕ್ಕೆ ಹೋಯಿತು. ಕಳೆದ ಅಷ್ಟೂ ವರ್ಷಗಳಲ್ಲಿ ಅವಳೂ ಅದನ್ನು ಮರೆತಿರಲಿಲ್ಲವೆಂಬುದು ಆ ವೇಗದಿಂದಲೇ ಗೊತ್ತಾಗುತ್ತಿತ್ತು. “ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಇದೇನಿದು? ಕಪ್ಪಿನ ಹಿಡಿ! ಏನು ಹೇಳಿದ್ದೆ ನಾನು? ಏನು ಹೇಳಿದ್ದೆ?” ಅಂಚಿನ ಬರಹವನ್ನು ಗಟ್ಟಿಯಾಗಿ ಓದಿದಳು, ಎರಡನೆಯ ಸಲ ರೇಡಿಯೋ ವಾರ್ತೆ ಓದುವವರ ದನಿಯಲ್ಲಿ ಓದಿದಳು. “‘ಇದರಲ್ಲಿ ಯಾವ ತಪ್ಪೂ ಇಲ್ಲ!’ ಅಲ್ವೋ, ನಾನು ಗೆದ್ದಿದ್ದಕ್ಕೆ ಸರ್ಟಿಫಿಕೇಟು ನೀನೇ ತಂದ್ಕೊಡ್ತೀಯಾ?” ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು.

ಇನ್‌ಸ್ಪೆಕ್ಟರ್ ಬಾಯಿಗೆ ಬೀಗ ಹಾಕಿಕೊಂಡು ಕುಳಿತ. ಏನು ಹೇಳಿದರೂ ಅದು ಅಂಗಡಿಯವರ ಮಾತೇ ಆಗುತ್ತಿತ್ತು.

“ಮೀನಿನ ಪರದೆ,” ಎಂದಳು ಅಕ್ಕ ಇದ್ದಕ್ಕಿದ್ದಂತೆ. ಅವಳ ದನಿ ತಗ್ಗಿತ್ತು. “ಮರೆತೇಬಿಟ್ಟಿದ್ದೆ. ಈ ಪರದೆ ಹಿಂದೆ ಇನ್ನೊಬ್ಬ ಇದ್ದ, ಅಲ್ವಾ? ಕಾಲು ಮಾತ್ರ ಕಾಣ್ತಿತ್ತು. ನಿಂಗೆ ಹೆದರಿಕೆಯಾಗಿ ಮಂಚದ ಕೆಳಗಿಂದ ಓಡಿಹೋದೆ.”

“ಓಡಿಹೋಗಲಿಲ್ಲ. ನೀರು ಕುಡಿಯೋಕೆ ಹೋದೆ.”

“ಹೌದೌದು, ನೀರು.” ಅವಳು ಕುರ್ಚಿ ಎಳೆದು ಕುಳಿತಳು. ಇಬ್ಬರೂ ಹಾಳೆಯ ಮೇಲೆ ಬಾಗಿದರು. ಪರದೆಯ ಕೆಳಗೆ ಎರಡು ಬೂಟುಗಳು ನಿಜಕ್ಕೂ ಇದ್ದವು. ಅಕ್ಕ ಕಳ್ಳರ ನಾಯಕನ ಮಾತನ್ನು ಓದಿದಳು, ಅದೇ ಮೂಗಿನ ದನಿಯಲ್ಲಿ: “ಟೀ ಹೇಗಿದೆ, ಪತ್ತೇದಾರರೇ?” ಇನ್‌ಸ್ಪೆಕ್ಟರ್ ತನಗೇ ಅರಿವಿಲ್ಲದಂತೆ ಉತ್ತರಿಸಿದ: “ವಿಷ ಒಂದು ಚಮಚ ಜಾಸ್ತಿ ಆಯಿತು.” ಬಾಗಿಲ ಬಳಿ ನಿಂತಿದ್ದ ಹೆಂಡತಿ ಮೂಗಿನ ಮೇಲೆ ಬೆರಳಿಟ್ಟು ಇಬ್ಬರನ್ನೂ ನೋಡಿದಳು.

ಅಕ್ಕ ಮತ್ತೆ ಆ ಕೈಯನ್ನು ನೋಡಿದಳು. ಈ ಸಲ ನಗಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿ, ರೋಗಿಯ ಬಾಯೊಳಗೆ ಇಣುಕುವಂತೆ ನೋಡಿದಳು.

“ಈ ಫಿಲ್ಲಿಂಗ್ ಹೊಸದು.”

“ಏನು?”

“ಈ ಬಿಳಿ. ಇಲ್ಲಿ, ಇಲ್ಲಿ, ಇಲ್ಲಿ ಇರೋದೆಲ್ಲ ಹಳದಿಗೆ ತಿರುಗಿದೆ. ಇದೊಂದು ನಿನ್ನೆ ಮೊನ್ನೆ ತುಂಬಿದ ಹಲ್ಲಿನ ಹಾಗೆ ಹೊಳೀತಿದೆ. ಯಾರೋ ಇದು? ನೀನಾ?”

ಇನ್‌ಸ್ಪೆಕ್ಟರನ ಬೀಗ ಕಿತ್ತುಬಂತು. ಡಿಪೋ ಹಿಂದಿನ ಓಣಿ, ಕುದುರೆಯ ಕಾಲು, ದಾರದಂಥ ನಲ್ಲಿ, ತುಂಬಿದ ಲೋಟ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಕ್ಕ, “ಸುಮ್ನಿರು ಸ್ವಲ್ಪ,” ಎಂದು ಕೈಚೀಲದಿಂದ ಪುಟ್ಟ ಟಾರ್ಚ್ ತೆಗೆದಳು. ಹಾಳೆಯನ್ನು ಎತ್ತಿ ಹಿಡಿಯಲು ತಮ್ಮನಿಗೆ ಹೇಳಿ, ಹಿಂದಿನಿಂದ ಬೆಳಕು ಬಿಟ್ಟು, ಮುಂದಿನಿಂದ ಇಣುಕಿದಳು.

ಬಿಳಿಯ ಅಡಿಯಲ್ಲಿ ಹಳೆಯ ಮಸಿಯ ಗೆರೆ ನೆರಳಿನಂತೆ ಎದ್ದು ಬಂತು.

“ಐದು,” ಎಂದಳು ಅಕ್ಕ. ನಿಧಾನವಾಗಿ, “ಆರು.” ಇನ್ನೂ ನಿಧಾನವಾಗಿ, “ಉಗುರೂ ಇದೆ.”

ಹೊಸ ಬಿಳಿ ಕಣ್ಣಿಗೆ ಬಿದ್ದಾಗಲೇ ಅವಳು ಸುಮ್ಮನಾಗಬಹುದಿತ್ತು. ಬರಹ ಅವಳ ಪರವಾಗಿತ್ತು, ಸಹಿ ಅವಳ ಪರವಾಗಿತ್ತು, ತಮ್ಮ ಆಗಿನ್ನೂ ಬಾಯಿ ತೆರೆದಿರಲಿಲ್ಲ. ಆದರೆ ಹುಳುಕಿನ ಮೇಲೆ ತೇಪೆ ಹಾಕಿದ್ದನ್ನು ಕಂಡು ಸುಮ್ಮನಿರುವುದು ಅವಳ ಕಸುಬಿನವರಿಂದಲೂ ಆಗದ ಕೆಲಸ.

“ಸೋತೆ ಕಣೋ, ಆರ್...” ಎಂದವಳು ಅಲ್ಲೇ ತಡೆದಳು. ಆ ಹೆಸರಿನಿಂದ ಇನ್ನು ಕರೆಯುವಂತಿರಲಿಲ್ಲ. ಬೇರೆ ಹೆಸರಿನಿಂದ ಅವನನ್ನು ಅವಳು ಎಂದೂ ಕರೆದಿರಲಿಲ್ಲ. ಏನೂ ತೋಚದೆ ಟಾರ್ಚ್ ಆರಿಸಿ ಚೀಲದೊಳಗಿಟ್ಟಳು.

ಇದೇ ಗಳಿಗೆಗಾಗಿ ಇನ್‌ಸ್ಪೆಕ್ಟರ್ ಸ್ಲೇಟಿನ ಕಾಲದಿಂದ ಕಾದಿದ್ದ. ಆಗ ಏನು ಹೇಳಬೇಕೆಂಬುದನ್ನೂ ಸಿದ್ಧಪಡಿಸಿ, ಸ್ನಾನದ ಮನೆಯಲ್ಲಿ ಅನೇಕ ಬಾರಿ ಹೇಳಿಕೊಂಡಿದ್ದ. ಈಗ ಬಾಯಿ ತೆರೆದರೆ ಒಂದು ಅಕ್ಷರವೂ ಬರಲೊಲ್ಲದು. ಹೊಟ್ಟೆಗೆ ಹಾಲು ಹೊಯ್ದಂತಾಗಬೇಕಿತ್ತು. ಬದಲಿಗೆ, ವರ್ಷಗಟ್ಟಲೆ ಕಾಡಿದ ಹಲ್ಲೊಂದನ್ನು ಕೀಳಿಸಿಕೊಂಡವನ ನಾಲಗೆ ಖಾಲಿ ಜಾಗಕ್ಕೇ ಮತ್ತೆ ಮತ್ತೆ ಹೋಗುವಂತೆ, ಅವನ ಮನಸ್ಸು ಏನನ್ನೋ ತಡವುತ್ತಿತ್ತು. ಅಕ್ಕ ಗಡಿಯಾರ ನೋಡಿದಳು. ನೆಂಟರ ಮನೆಗೆ ಬಂದವಳಂತೆ, “ಮತ್ತೆ, ಆಫೀಸು ಹೇಗಿದೆ?” ಎಂದು ಕೇಳಿದಳು. “ಚೆನ್ನಾಗಿದೆ,” ಎಂದ ತಮ್ಮ. ಇಬ್ಬರಿಗೂ ಆ ಸಂಭಾಷಣೆಯಿಂದ ಭಯವಾಯಿತು.

ಹೆಂಡತಿ ಟೀ ತಂದು ಹಾಳೆಯಿಂದ ದೂರದಲ್ಲಿಟ್ಟಳು. ಅಕ್ಕ ಒಂದು ಗುಟುಕು ಕುಡಿದು, ಹಾಳೆಯತ್ತ ಮತ್ತೊಮ್ಮೆ ಕಣ್ಣು ಹಾಯಿಸಿದಳು.

“ಕಪ್ ಮಾತ್ರ ಹಸಿರು ಇತ್ತು,” ಎಂದಳು.

“ಯಾವ ಕಪ್?”

“ಕೊಡೆವೀರನ ಕೈಲಿದ್ದದ್ದು. ಪುಸ್ತಕದಲ್ಲಿ. ಗಿಳಿಹಸಿರು.”

“ಕೆಂಪು,” ಎಂದ ಇನ್‌ಸ್ಪೆಕ್ಟರ್.

“ಹಸಿರು ಕಣೋ. ಪರದೆ ಕೆಂಪು.”

“ಪರದೆ ನೀಲಿ! ಮೀನಿನ ಹಿಂದೆ ಯಾರಾದ್ರೂ ಕೆಂಪು ಬಳೀತಾರಾ? ಕಪ್ ಕೆಂಪು, ಕೆಳಗೆ ಒಂದು ಹಳದಿ ಗೆರೆ.”

“ಗೆರೆನೂ ಬಂತಾ! ನಾಳೆ ಅದಕ್ಕೊಂದು ಬಾಲ ಬರುತ್ತೆ. ಎಣಿಸೋಕೆ ಬರುತ್ತೆ ಅಂತ ಒಪ್ಪಿದೆ, ಬಣ್ಣ ಗೊತ್ತಾಗುತ್ತೆ ಅಂತ ಒಪ್ಪಲಿಲ್ಲ. ಬಣ್ಣಗುರುಡ!”

ಇನ್‌ಸ್ಪೆಕ್ಟರ್ ಎದ್ದು ನಿಂತ. ಅವನ ಕಿವಿ ಕೆಂಪಗಾಗಿತ್ತು, ಬೆನ್ನು ನೆಟ್ಟಗಾಗಿತ್ತು. “ಬಣ್ಣ ಹಾಕ್ತಿದ್ದದ್ದು ಪ್ರೆಸ್ಸಿನವರು. ಈ ಹಾಳೆಯಲ್ಲಿ ಗೊತ್ತಾಗಲ್ಲ. ಆ ಅಚ್ಚಾದ ಪುಸ್ತಕ ಸಿಗಬೇಕು.”

“ಸಿಗಲಿ ಮತ್ತೆ! ನಿನ್ನ ಮುಖಕ್ಕೆ ಹಿಡಿದು ತೋರಿಸ್ತೀನಿ.”

“ಎಲ್ಲೂ ಸಿಗಲ್ಲ ಅದು, ಎಷ್ಟು ಹುಡುಕಿದೀನಿ ಗೊತ್ತಾ?”

“ನೀನು ಹುಡುಕಿದ್ರೆ ಹೇಗೆ ಸಿಗುತ್ತೆ? ಕೆಂಪು ಕಪ್ ಇರೋ ಪುಸ್ತಕ ಹುಡುಕಿರ್ತೀಯ!” ಅಕ್ಕ ಕಪ್ ಕೆಳಗಿಟ್ಟು ಫೋನಿನ ಬಳಿಗೆ ಹೋಗಿ, ಕ್ಲಿನಿಕ್ಕಿನ ಕಾಂಪೌಂಡರಿಗೆ ನಂಬರು ತಿರುಗಿಸಿದಳು. “ಹಲೋ, ನಾನೇ. ನಾಳೆ ಬೆಳಗ್ಗೆ ಯಾರನ್ನೂ ಕೂರಿಸ್ಬೇಡ. ಹೂಂ, ಬರಲ್ಲ. ಕುಟುಂಬದ ವಿಷಯ, ಇತ್ಯರ್ಥ ಆಗ್ಬೇಕು. ತುಂಬ ನೋವು ಅಂದ್ರೆ ಲವಂಗ ಕಚ್ಚಿಕೊಂಡಿರೋಕೆ ಹೇಳು.” ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು ತಿರುಗಿದಳು. “ಆ ನಿನ್ನ ಗೋಂದಣ್ಣನ ಅಂಗಡಿ ಎಷ್ಟು ಹೊತ್ತಿಗೆ ತೆಗೀತಾನೋ, ಬಣ್ಣಗುರುಡ?”

“ಒಂಬತ್ತಕ್ಕೆ,” ಎಂದ ಇನ್‌ಸ್ಪೆಕ್ಟರ್. “ಮತ್ತೆ ಅದು ಕೆಂಪು.”